ಫೆಂಗನಿಗೆ ಕಾದಿದ್ದ ಹೆಸರು

ಅಮೆರಿಕದ ಸೇಂಟ್ ಪಾಲ್ ಊರಿನ ಶನಿವಾರದ ಸಂತೆಯಲ್ಲಿ ಒಳ್ಳೆಯ ಹಾಗಲಕಾಯಿ ಯಾರ ಹತ್ತಿರ ಸಿಗುತ್ತದೆ ಎಂದು ಕೇಳಿ ನೋಡಿ, ಎಲ್ಲರೂ ಮೂಲೆಯ ಮೇಜಿನ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಮಗ ಹೈಸ್ಕೂಲಿನಲ್ಲಿ ತೊಟ್ಟು ಬಿಟ್ಟ ಜಾಕೆಟ್ ಹಾಕಿಕೊಂಡು, ಬೋಳುತಲೆಗೆ ಟೋಪಿ ಇಟ್ಟುಕೊಂಡು ನಿಂತಿರುವವನೇ ಫೆಂಗ್. ಮಂಡಿನೋವು ಬಂದಿದೆ, ಇಬ್ಬರು ಮೊಮ್ಮಕ್ಕಳಾಗಿದ್ದಾರೆ, ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡದ್ದು. ಇಷ್ಟೆಲ್ಲ ಆದರೂ ಅವನು ಬರೀ ಫೆಂಗ್. ಪಕ್ಕದ ಮೇಜಿನ ಹುಡುಗಿಯರು ಕೂಡ ಫೆಂಗ್ ಎಂದೇ ಕರೆಯುತ್ತಾರೆ, ಬೇರೆ ಏನಂತ ಕರೆಯಬೇಕು ಪಾಪ.

ಲಾವೋಸಿನ ಬೆಟ್ಟಗಳಿಂದ ಬಂದ ನಮ್ಮ ಹ್ಮಾಂಗ್ ಜನರಲ್ಲಿ ಗಂಡಸಿಗೆ ಎರಡು ಹೆಸರು. ಹುಟ್ಟಿದಾಗ ಅಪ್ಪ ಅಮ್ಮ ಇಡುವುದು ಒಂದು. ಮದುವೆಯಾಗಿ, ಮಕ್ಕಳಾಗಿ, ಸಂಸಾರ ತೂಗಿಸಿಕೊಂಡು ಹೋಗುತ್ತಾನೆ ಎಂದು ಗೊತ್ತಾದ ಮೇಲೆ ಹೆಂಡತಿಯ ತಂದೆತಾಯಿ ಬಂದು ಆ ಹೆಸರಿನ ಮುಂದೆ ಇನ್ನೊಂದು ತುಂಡು ಸೇರಿಸಿ ಕೊಡುವುದು ದೊಡ್ಡ ಹೆಸರು. ಅಳಿಯನೇ ಅವರ ಮನೆಗೆ ಹೋಗಿ ಕೇಳಬೇಕು. ಅವರು ಒಪ್ಪಿದರೆ ಹಂದಿ ಕಡಿದು ಊಟ ಹಾಕಿಸಬೇಕು. ಅವರು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹೊಸ ಹೆಸರು ಹಿಡಿದು ಕರೆದರೆ ಅಲ್ಲಿಂದಾಚೆಗೆ ಅವನಿಗೆ ಹಿರಿಯರ ಮೇಜಿನಲ್ಲಿ ಜಾಗ. ಅದಿಲ್ಲದವನು ಹುಡುಗರ ಜೊತೆ ಪಾತ್ರೆ ಹೊರಬೇಕು, ಸಾರು ಬಡಿಸಬೇಕು. ಫೆಂಗ್ ಐವತ್ತು ದಾಟಿದ ಮೇಲೂ ಎಲ್ಲ ಮದುವೆ ಹಬ್ಬಗಳಲ್ಲಿ ಸಾರಿನ ಬಕೆಟ್ಟು ಹಿಡಿದೇ ಓಡಾಡುತ್ತಿದ್ದ.

ಅದಕ್ಕೆ ಅವನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಯಾರಾದರೂ ಭಾರದ ಮೂಟೆ ಎತ್ತಲು ಕರೆದರೆ, ನಾನಿನ್ನೂ ಎಳೆ ಹುಡುಗ, ಬೆನ್ನು ಬಾಗಿಬಿಡುತ್ತದೆ ಎನ್ನುತ್ತಿದ್ದ. ಎನ್ನುತ್ತಲೇ ಮೂಟೆ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಅವನ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ. ಅಮೆರಿಕದ ಹೆಂಗಸೊಬ್ಬಳು ಹಾಗಲಕಾಯಿ ಹಿಡಿದುಕೊಂಡು ಇದರ ಕಹಿ ಹೋಗುವುದು ಹೇಗೆ ಎಂದು ಕೇಳಿದ್ದಕ್ಕೆ, ಮೊದಲು ಗಂಡನ ಹತ್ತಿರ ಚೆನ್ನಾಗಿ ಜಗಳವಾಡಿ ಆಮೇಲೆ ತಿನ್ನಿ, ಕಹಿ ಗೊತ್ತೇ ಆಗುವುದಿಲ್ಲ ಎಂದನಂತೆ. ಆಕೆ ಪ್ರತಿ ಶನಿವಾರ ಬರತೊಡಗಿದಳು. ಗಂಡನನ್ನೂ ಕರೆತಂದಳು. ಊರಾಚೆ ಗುತ್ತಿಗೆಗೆ ಹಿಡಿದ ಹೊಲದಲ್ಲಿ ಮೊಲಗಳು ಸಾಸಿವೆ ಸೊಪ್ಪು ಮೇಯ್ದರೆ ಹ್ಮಾಂಗ್, ಲಾವೋ, ಇಂಗ್ಲಿಷ್ ಮೂರರಲ್ಲೂ ಬೈಯುತ್ತಿದ್ದ. ಬೈದು ಮುಗಿಸಿ ಬೇಲಿಯ ಹೊರಗೆ ಅವುಗಳಿಗೆಂದೇ ಒಂದು ಸಾಲು ಸೊಪ್ಪು ಹಾಕುತ್ತಿದ್ದ. ಇಂಥವನ ಮೇಲೆ ಯಾರಿಗೆ ತಾನೇ ಸಿಟ್ಟು ಬರುತ್ತದೆ ಹೇಳಿ.

ಆದರೆ ತನ್ನ ಮೇಲೆ ಒಬ್ಬರಿಗೆ ಸಿಟ್ಟಿದೆ ಎಂದು ಫೆಂಗ್ ಗಟ್ಟಿಯಾಗಿ ನಂಬಿಕೊಂಡಿದ್ದ. ಆಕೆ ಅವನ ಅತ್ತೆ. ಹೆಂಡತಿ ಕಿಯಾಳ ತಾಯಿ.

ಲಾವೋಸಿನಲ್ಲಿ ಯುದ್ಧ ಮುಗಿಯಿತು ಎಂದು ಲೋಕವೆಲ್ಲ ಹೇಳಿದ ಮೇಲೆಯೇ ನಮ್ಮ ಬೆಟ್ಟಗಳಲ್ಲಿ ಅದು ಜೋರಾದದ್ದು. ಅಮೆರಿಕದವರ ಪರವಾಗಿ ಬಂದೂಕು ಹಿಡಿದಿದ್ದವರು ನಮ್ಮವರು. ಅಮೆರಿಕದವರು ವಿಮಾನ ಹತ್ತಿ ಹೋದರು, ನಮ್ಮವರು ಬೆಟ್ಟದಲ್ಲೇ ಉಳಿದರು. ಗೆದ್ದ ಸೈನ್ಯ ಹುಡುಕಿಕೊಂಡು ಬಂತು. ಫೆಂಗನ ಅಪ್ಪ ಯುದ್ಧದಲ್ಲೇ ಹೋಗಿದ್ದ, ಅಮ್ಮ ಕಾಡು ಅಲೆಯುವಾಗ ಜ್ವರದಲ್ಲಿ ಹೋದಳು. ಹೆಂಡತಿಯ ಮನೆಯವರೇ ಅವನಿಗೆ ಮನೆಯವರಾದರು. ಮಾವ ಒಳ್ಳೆ ಗಟ್ಟಿ ಆಳು. ಗೆಡ್ಡೆ ಅಗೆದು ತಂದರೆ ದೊಡ್ಡದನ್ನು ಅಳಿಯನ ಮುಂದೆ ಇಟ್ಟು, ತಿನ್ನು, ನಿನ್ನ ಹೊಟ್ಟೆ ತುಂಬಿಸೋದಕ್ಕೇ ನಾನು ಹುಟ್ಟಿದ್ದು ಎಂದು ರೇಗಿಸುತ್ತಿದ್ದ. ಕಾಡಿನಲ್ಲೇ ಮೆಂಗ್ ಹುಟ್ಟಿದ. ಬಾಣಂತಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ದಾಟಿಸಿದವನೂ ಆ ಮಾವನೇ.

ಕೊನೆಗೆ ಮೆಕಾಂಗ್ ನದಿಯ ದಡ ಸೇರಿದರು. ಆಚೆ ದಡ ಥಾಯ್ಲೆಂಡ್. ಫೆಂಗ್, ಕಿಯಾ, ಎದೆಹಾಲು ಕುಡಿಯುವ ಮೆಂಗ್, ಅತ್ತೆ, ಮಾವ, ಕಿಯಾಳ ಪುಟ್ಟ ತಮ್ಮ ಪಾವ್. ಮಳೆಗಾಲದ ನೀರು ಕೆಂಪಗೆ ಉಕ್ಕುತ್ತಿತ್ತು. ಬೆಟ್ಟದ ಜನ ನಾವು, ಈಜು ಬರುತ್ತಿದ್ದದ್ದು ಫೆಂಗನೊಬ್ಬನಿಗೇ. ಕಡಿದು ಕಟ್ಟಿದ ಬಿದಿರಿನ ತೆಪ್ಪ ಎಲ್ಲರನ್ನೂ ಹೊರುವಂತಿರಲಿಲ್ಲ. ಮೊದಲು ಹೆಂಡತಿ ಮಗುವನ್ನು ದಾಟಿಸು, ಆಮೇಲೆ ಬಂದು ನಮ್ಮನ್ನು ಕರೆದುಕೊಂಡು ಹೋಗು ಎಂದ ಮಾವ. ಫೆಂಗ್ ಬರುತ್ತೇನೆ ಎಂದ. ಹೊತ್ತು ಮುಳುಗುವಾಗ ನೀರಿಗಿಳಿದ. ಆಚೆ ದಡಕ್ಕೆ ಮೈಯೆಲ್ಲ ಕೊರಡಾಗಿ ತಲುಪಿದವನನ್ನು ಅಲ್ಲಿನ ಪೊಲೀಸರು ಹಿಡಿದು ತೆಪ್ಪ ಕಿತ್ತುಕೊಂಡು ಲಾರಿ ಹತ್ತಿಸಿದರು. ಲಾರಿ ಹೊರಡುವಾಗ ಈಚೆ ದಡದಲ್ಲಿ ಗುಂಡಿನ ಸದ್ದು ಕೇಳಿತು. ಅವನು ಕಿರುಚಿಕೊಂಡ, ಕೆಳಗೆ ಹಾರಲು ನೋಡಿದ, ಯಾರೋ ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದರು.

ಈಚೆ ದಡದಲ್ಲಿ ಆದದ್ದು ಇಷ್ಟು. ಸೈನಿಕರು ಬಂದರು. ಅತ್ತೆ ಪಾವನ ಬಾಯಿ ಮುಚ್ಚಿ ಜೊಂಡಿನಲ್ಲಿ ಅವಿತಳು. ಸೈನಿಕರು ತನ್ನ ಹಿಂದೆ ಬರಲಿ ಎಂದು ಮಾವ ಎದ್ದು ಬೇಕಂತಲೇ ಸದ್ದು ಮಾಡುತ್ತ ಬೇರೆ ದಿಕ್ಕಿಗೆ ಓಡಿದ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

ಅತ್ತೆ ಪಾವನನ್ನು ಕಟ್ಟಿಕೊಂಡು ಮತ್ತೆ ಕಾಡಿಗೆ ಹೊಕ್ಕು, ಬಹಳ ಕಾಲದ ಮೇಲೆ ಇನ್ನಾರದೋ ಜೊತೆ ನದಿ ದಾಟಿ, ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಕೂತು, ಶಿಬಿರ ಮುಚ್ಚುವಾಗ, ಫೆಂಗ್ ಕಿಯಾ ಮೊದಲೇ ಬಂದು ಸೇರಿದ್ದ ಅಮೆರಿಕಕ್ಕೆ ಬಂದಳು. ಪಾವನಿಗೆ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾರ್ಖಾನೆಯ ಕೆಲಸ ಸಿಕ್ಕಿ ಅಲ್ಲೇ ಮನೆ ಮಾಡಿದರು. ವಿಮಾನ ನಿಲ್ದಾಣದಲ್ಲಿ ಅತ್ತೆ ಮಗಳನ್ನು ಅಪ್ಪಿಕೊಂಡು ಅತ್ತಳು, ಮೆಂಗನ ಕೆನ್ನೆ ಹಿಂಡಿದಳು. ಫೆಂಗನ ಕಡೆ ತಿರುಗಿ, ಮೆಂಗನ ಅಪ್ಪ, ಸೊರಗಿದೀಯಲ್ಲ ಎಂದಳು. ಅಷ್ಟೇ. ಆವತ್ತಿನಿಂದ ಒಂದು ಸಲವಾದರೂ ಅವನ ಹೆಸರು ಹಿಡಿದು ಕರೆದವಳಲ್ಲ. ಏನಿದ್ದರೂ ಮೆಂಗನ ಅಪ್ಪ. ತನ್ನ ಹೆಸರು ಬಾಯಲ್ಲಿ ಹೇಳುವುದೂ ಆಕೆಗೆ ಬೇಡವಾಗಿದೆ ಎಂದುಕೊಂಡ ಫೆಂಗ್, ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡ.

ಪ್ರತಿ ಹೊಸವರ್ಷಕ್ಕೆ ಅತ್ತೆ ಮನೆಗೆ ಹೋಗುತ್ತಿದ್ದರು. ಹೋದ ಕೂಡಲೇ ಫೆಂಗ್ ಏಣಿ ಹುಡುಕುತ್ತಿದ್ದ. ಸೂರು ಸೋರುತ್ತಿದೆ, ಕಾರಿನ ಬ್ರೇಕು ಕಿರುಗುಡುತ್ತಿದೆ, ನಲ್ಲಿ ತೊಟ್ಟಿಕ್ಕುತ್ತಿದೆ, ಏನೋ ಒಂದು. ಒಳಗೆ ಕೂತರೆ ಅತ್ತೆಯ ಎದುರು ಕೂರಬೇಕಲ್ಲ. ಆಕೆ ಬಾಗಿಲಿಗೆ ಬಂದು, ಮೆಂಗನ ಅಪ್ಪ, ಅನ್ನ ಆರ್ತದೆ ಎನ್ನುತ್ತಿದ್ದಳು. ಹೊರಡುವಾಗ ಉಪ್ಪಿನಲ್ಲಿ ಹುದುಗಿಸಿದ ಸಾಸಿವೆ ಸೊಪ್ಪಿನ ಡಬ್ಬಿ ಕಾರಿನಲ್ಲಿ ಇಡಿಸುತ್ತಿದ್ದಳು. ಅದು ಫೆಂಗನಿಗೆ ಪ್ರಾಣ ಎಂದು ಆಕೆಗೆ ಗೊತ್ತಿತ್ತು. ಆ ಡಬ್ಬಿಯ ಅರ್ಥ ಮಾತ್ರ ಈ ಪುಣ್ಯಾತ್ಮನಿಗೆ ಗೊತ್ತಾಗಲಿಲ್ಲ.

ಆ ಮನೆಯಲ್ಲಿ ಇನ್ನೊಂದು ವಿಷಯವಿತ್ತು. ನಾವು ಹಬ್ಬದ ಊಟಕ್ಕೆ ಮುಂಚೆ ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಉಣ್ಣಲು ಕರೆಯುತ್ತೇವೆ. ಪಾವ್ ಚಮಚದಲ್ಲಿ ಅನ್ನ ಮಾಂಸ ತೆಗೆದಿಡುತ್ತ ತಾತ, ಮುತ್ತಾತ, ಚಿಕ್ಕಪ್ಪ ಎಲ್ಲರನ್ನೂ ಕರೆಯುತ್ತಿದ್ದ. ಅಪ್ಪನನ್ನು ಮಾತ್ರ ಕರೆಯುವಂತಿರಲಿಲ್ಲ. ಅತ್ತೆ ಬಿಡುತ್ತಿರಲಿಲ್ಲ. ಹಬ್ಬವಿರಲಿ, ಇಲ್ಲದಿರಲಿ, ಗಂಡನ ಪಾಲನ್ನು ಒಂದು ತಟ್ಟೆಯಲ್ಲಿ ಹಾಕಿ ಮುಚ್ಚಿ ಒಲೆಯ ಹತ್ತಿರ ಇಡುತ್ತಿದ್ದಳು, ಕೆಲಸದಿಂದ ತಡವಾಗಿ ಬರುವವರಿಗೆ ಇಡುತ್ತಾರಲ್ಲ, ಹಾಗೆ. ಅದನ್ನು ನೋಡಿದಾಗಲೆಲ್ಲ ಫೆಂಗ್ ಅರ್ಧ ಊಟಕ್ಕೇ ಎದ್ದು ಏಣಿಯ ಕಡೆ ಹೋಗುತ್ತಿದ್ದ. ದೊಡ್ಡ ಹೆಸರು ಕೇಳುವುದಕ್ಕೆ ಅವನಿಗೆ ಮುಖವಾದರೂ ಎಲ್ಲಿತ್ತು?

ಹೀಗೇ ಕಾಲ ತಳ್ಳಿಬಿಡುತ್ತಿದ್ದನೇನೋ. ಆದರೆ ಮೆಂಗನ ಸರದಿ ಬಂತು. ಮೆಂಗನಿಗೆ ಈಗ ಎರಡು ಮಕ್ಕಳು, ಸ್ವಂತ ಮನೆ. ಅಳಿಯ ಬಂದು ಕೇಳಲಿ ಎಂದು ಕಾಯದೆ, ಸುಗ್ಗಿ ಮುಗಿದ ಮೇಲೆ ಬಂದು ದೊಡ್ಡ ಹೆಸರು ಕೊಡುತ್ತೇವೆ ಎಂದು ಅವನ ಹೆಂಡತಿಯ ಮನೆಯವರೇ ಹೇಳಿ ಕಳಿಸಿದರು. ಹಂದಿಯನ್ನೂ ಗೊತ್ತು ಮಾಡಿದ್ದಾಯಿತು. ಸಂತೆಯಲ್ಲಿ ಸುದ್ದಿ ಹಬ್ಬಿ, ಫೆಂಗ್, ಇನ್ನು ಮೇಲೆ ಮಗ ಮೇಜಿನ ತಲೆಯಲ್ಲಿ ಕೂರ್ತಾನೆ, ನೀನು ಅವನಿಗೆ ಸಾರು ಬಡಿಸು ಎಂದು ನಕ್ಕರು. ಫೆಂಗನೂ ನಕ್ಕ. ಮೆಂಗ್ ನಗಲಿಲ್ಲ.

"ಅಪ್ಪ, ನಿನಗಿಲ್ಲದ ಹೆಸರು ನನಗೆ ಬೇಡ. ಅಜ್ಜಿ ಹತ್ರ ಹೋಗಿ ಕೇಳು. ನೀನು ಕೇಳೋವರೆಗೂ ಹಂದಿ ಅಲ್ಲೇ ಮೇಯ್ಕೊಂಡಿರಲಿ" ಎಂದ.

ಫೆಂಗನಿಗೆ ಎಂದೂ ಬಾರದ ಸಿಟ್ಟು ಬಂತು. ದೊಡ್ಡವರ ವಿಷಯದಲ್ಲಿ ತಲೆ ಹಾಕಬೇಡ ಎಂದು ಗದರಿದ. ಆದರೆ ಮೆಂಗ್ ಅಜ್ಜನ ಹಟವನ್ನು ಹೊತ್ತು ಹುಟ್ಟಿದವನು, ಜಗ್ಗಲಿಲ್ಲ. ಬೀಗರು ಮುನಿಸಿಕೊಳ್ಳುವ ಹಾಗಾಯಿತು. ಇತ್ತ ಕಿಯಾ ಗಂಡನನ್ನು ಹಿಡಿದು ಜಾಡಿಸಿದಳು.

"ನಮ್ಮವ್ವ ಏನು ಹುಲಿಯಾ? ತಿಂದುಬಿಡ್ತಾಳಾ? ಸಂತೇಲಿ ಅಷ್ಟು ಬಾಯಿ ಬಡಿತೀರಲ್ಲ, ಅದರಲ್ಲಿ ಅರ್ಧ ಬಾಯಿ ಅಲ್ಲಿ ಬಿಡಿ."

ಸೆಪ್ಟೆಂಬರಿನ ಒಂದು ಭಾನುವಾರ ಗಂಡ ಹೆಂಡತಿ ಹೊರಟರು. ವ್ಯಾನಿನ ಹಿಂದೆ ಕುಂಬಳಕಾಯಿ, ಅಲಸಂದೆ, ಹಾಗಲ, ಬೇಯಿಸಿದ ಎರಡು ಕೋಳಿ. ದಾರಿಯುದ್ದಕ್ಕೂ ಫೆಂಗ್ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದ. 

ಅತ್ತೆ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಫೆಂಗ್ ಈ ಸಲ ಏಣಿ ಹುಡುಕಲಿಲ್ಲ. ನೇರವಾಗಿ ಹೋಗಿ ಆಕೆಯ ಎದುರು ಮಂಡಿಯೂರಿ, ನೆಲಕ್ಕೆ ತಲೆ ಬಾಗಿಸಿ, ಹೆಸರು ಕೇಳುವುದಕ್ಕೆ ಬಂದಿದ್ದೇನೆ ಎಂದ. ಆಕೆಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು.

"ಹೆಸರು ಕೊಡಬೇಕಾದೋರು ನಿಮ್ಮ ಮಾವ. ಅವರು ಬರಲಿ" ಎಂದಳು.

ಫೆಂಗನಿಗೆ ಇಷ್ಟು ವರ್ಷ ಹೆದರಿದ್ದ ಮಾತೇ ಬಂದುಬಿಟ್ಟಿತಲ್ಲ ಎನಿಸಿತು. ತಲೆ ಎತ್ತದೆಯೇ, ಎಂದೂ ಯಾರ ಮುಂದೆಯೂ ಆಡದ್ದನ್ನು ಆಡಿದ.

"ಅತ್ತೆ, ಬರ್ತೀನಿ ಅಂದಿದ್ದೆ. ಬರಲಿಲ್ಲ. ಬರೋದಕ್ಕೆ ಬಿಡಲಿಲ್ಲ ಅಂತ ಹೇಳ್ಬಹುದು, ಆದ್ರೂ ಬರಲಿಲ್ಲ ಅನ್ನೋದೇ ನಿಜ. ನಿಮ್ಮ ಸಿಟ್ಟು ನ್ಯಾಯವೇ."

"ಯಾರು ಹೇಳಿದ್ದು ನಿನಗೆ ನನಗೆ ಸಿಟ್ಟು ಅಂತ?" ಅತ್ತೆ ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ಪೆದ್ದ. ನೀನು ತಿರುಗಿ ಬಂದಿದ್ರೆ ನಿನ್ನನ್ನೂ ಹಿಡ್ಕೊಂಡು ಹೋಗೋರು. ನನ್ನ ಮಗಳು ಎಳೆಗೂಸು ಕಟ್ಕೊಂಡು ಆ ದಡದಲ್ಲಿ ಒಬ್ಬಳೇ ಕೂತಿರೋಳು. ಆ ಗುಂಡಿನ ಸದ್ದು ಕೇಳಿದಾಗ, ದೇವರೇ ಆ ಹುಡುಗ ಬರದೇ ಇರಲಿ ಅಂತ ಜೊಂಡಿನೊಳಗೆ ಕೂತು ಬೇಡ್ಕೊಂಡೋಳು ನಾನು."

ಕಿಯಾ ಬಾಗಿಲಲ್ಲೇ ನಿಂತುಬಿಟ್ಟಳು. ಫೆಂಗ್ ತಲೆ ಎತ್ತಿದ. ಹಾಗಾದರೆ ಹೆಸರು ಯಾಕೆ ಕೊಡುವುದಿಲ್ಲ ಎಂದು ಕೇಳಿದ.

ಅತ್ತೆ ಒಲೆಯ ಹತ್ತಿರ ಮುಚ್ಚಿಟ್ಟಿದ್ದ ತಟ್ಟೆಯ ಕಡೆ ನೋಡಿದಳು. "ನಾನೊಬ್ಬಳೇ ಹೆಸರು ಕೊಟ್ರೆ, ಅವರು ಇನ್ನಿಲ್ಲ ಅಂತ ನಾನೇ ಹೇಳಿದ ಹಾಗಲ್ವಾ? ಹೆಣ ನೋಡಿಲ್ಲ ನಾನು. ನೋಡದೇ ಇರೋದನ್ನ ಹೆಂಗೆ ಹೇಳ್ಲಿ, ಮೆಂಗನ ಅಪ್ಪ?"

ಫೆಂಗ್ ಮತ್ತೆ ಕೇಳಲಿಲ್ಲ. ಎದ್ದು, ಮಂಡಿ ಒರೆಸಿಕೊಂಡು, ಆಕೆಯ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸಿದ. ಆ ಮನೆಯಲ್ಲಿ ಅವನು ಅತ್ತೆಯ ಪಕ್ಕದಲ್ಲಿ ಕೂತದ್ದು ಅದೇ ಮೊದಲು. ಮೂವರೂ ಉಂಡರು. ಹೊರಡುವಾಗ ಸಾಸಿವೆ ಸೊಪ್ಪಿನ ಡಬ್ಬಿ ಎಂದಿನಂತೆ ವ್ಯಾನು ಸೇರಿತು. ದಾರಿಯಲ್ಲಿ ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ. ಕಿಯಾ ಸ್ಟಿಯರಿಂಗ್ ಕಸಿದುಕೊಂಡು ತಾನೇ ಓಡಿಸಿದಳು.

ಮನೆಗೆ ಬಂದವನೇ ಮೆಂಗನನ್ನು ಕೂರಿಸಿಕೊಂಡು ಎಲ್ಲ ಹೇಳಿದ. ನೀನು ಹೆಸರು ತೆಗೆದುಕೋ, ಬೀಗರ ಮುಂದೆ ನನ್ನ ಮರ್ಯಾದೆ ಉಳಿಸು ಎಂದ. ಮೆಂಗ್ ಮತ್ತೆ ಹಟ ಹಿಡಿಯುವುದರಲ್ಲಿದ್ದ.

"ಕೇಳು ಮಗ. ನಾನು ಹುಡುಗನಾಗೇ ಇದ್ರೆ ನಿಮ್ಮ ಅಜ್ಜಿ ಪಾಲಿಗೆ ನಿಮ್ಮಜ್ಜ ಬದುಕಿರ್ತಾರೆ. ಅಷ್ಟು ಮಾಡಬಲ್ಲೆ ನಾನು ಅವರಿಗೆ. ಸಾರು ಬಡಿಸೋದೇನು ಕಷ್ಟವಾ, ಇಷ್ಟು ವರ್ಷ ಬಡಿಸಿಲ್ವಾ?"

ಮೆಂಗ್ ಅಪ್ಪನ ಕೈ ಹಿಡಿದುಕೊಂಡು, ಆಗಲಿ ಎಂದ.

ಅಕ್ಟೋಬರ್ ಬಂತು. ಮೆಂಗನ ಗ್ಯಾರೇಜಿನಲ್ಲಿ ಉದ್ದನೆಯ ಮೇಜುಗಳನ್ನು ಜೋಡಿಸಿದರು. ಹೆಂಗಸರು ಹಂದಿಮಾಂಸ ಬೇಯಿಸಿ, ಮೆಣಸಿನಕಾಯಿ ಅರೆದು, ನೇರಳೆ ಬಣ್ಣದ ಅಂಟಕ್ಕಿ ಅನ್ನ ಮಾಡಿದರು. ಬೀಗರು ಬಂದು ಹಿರಿಯರ ಮೇಜಿನಲ್ಲಿ ಕೂತರು. ಫೆಂಗ್ ಸೊಂಟಕ್ಕೆ ಟವಲು ಸುತ್ತಿಕೊಂಡು ಬಕೆಟ್ಟು ಹಿಡಿದು ಓಡಾಡುತ್ತ, ಬೀಗರಿಗೆ ಕೊಬ್ಬಿನ ತುಂಡು ಬೇಕೋ ಎಲುಬಿನ ತುಂಡು ಬೇಕೋ ಎಂದು ವಿಚಾರಿಸುತ್ತಿದ್ದ. ಹೊರಗೆ ಕಾರು ನಿಂತ ಸದ್ದಾಯಿತು. ಪಾವ್ ಇಳಿದು ಹಿಂದಿನ ಬಾಗಿಲು ತೆಗೆದ. ಕಪ್ಪು ಮುಂಡಾಸು ಸುತ್ತಿ, ನೆರಿಗೆಯ ಲಂಗ ಉಟ್ಟು ಅತ್ತೆ ಇಳಿದಳು. ಆ ಲಂಗವನ್ನು ಆಕೆ ಅಮೆರಿಕದಲ್ಲಿ ಒಂದು ದಿನವೂ ಉಟ್ಟಿರಲಿಲ್ಲ. ಹೆಗಲ ಮೇಲೆ ಬಿಳಿ ದಾರದ ಎಳೆಗಳಿದ್ದವು.

ಫೆಂಗ್ ಬಕೆಟ್ಟು ಹಿಡಿದೇ ನಿಂತ. ಪಾವ್ ಹತ್ತಿರ ಬಂದು, "ಭಾವ, ನೀವು ಅಂದದ್ದನ್ನ ಮೆಂಗ್ ಅಮ್ಮನಿಗೆ ಹೇಳಿದ್ನಂತೆ. ಇವತ್ತು ಹೊರಡೋ ಮುಂಚೆ ಅಮ್ಮ ಅನ್ನ ಬಡಿಸಿ, ನಿಮ್ಮಪ್ಪನ್ನ ಕರಿ ಅಂದ್ಲು. ಎಲ್ಲ ಹಿರಿಯರ ಜೊತೆಗೆ ಕರೆದೆ" ಎಂದ. ಅತ್ತೆ ಮುಚ್ಚಿಡುವ ತಟ್ಟೆಯನ್ನು ತೊಳೆದು ಬೋರಲು ಹಾಕಿ ಬಂದಿದ್ದಳಂತೆ.

ಅತ್ತೆ ಬೀಗರಿಗೆ ಕೈ ಮುಗಿದು, ನಿಮ್ಮ ಅಳಿಯನಿಗೆ ನೀವು ಹೆಸರು ಕೊಡಿ, ಆದರೆ ಅಪ್ಪನಿಗಿಂತ ಮಗ ಮುಂಚೆ ದೊಡ್ಡವನಾಗುವುದು ಚೆನ್ನಾಗಿರುವುದಿಲ್ಲ, ಸ್ವಲ್ಪ ತಡೆಯಿರಿ ಎಂದಳು. ಬೀಗರು ಎದ್ದು ನಿಂತು ಜಾಗ ಬಿಟ್ಟರು. ಕಿಯಾ ಗಂಡನ ಕೈಯಿಂದ ಬಕೆಟ್ಟು ಕಿತ್ತುಕೊಂಡಳು. ಸೊಂಟದ ಟವಲು ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ, ಫೆಂಗ್ ಹಾಗೆಯೇ ಅತ್ತೆಯ ಮುಂದೆ ಕೂತು ಕೈ ಚಾಚಿದ.

ಅತ್ತೆ ದಾರ ಕೈಗೆ ತೆಗೆದುಕೊಂಡಳು, ಕಟ್ಟಲಿಲ್ಲ. ಮೊದಲು ಹೇಳಬೇಕಾದದ್ದು ಒಂದಿದೆ ಎಂದಳು. 

"ನೀನು ತೆಪ್ಪ ತಳ್ಕೊಂಡು ಹೋದ್ಮೇಲೆ ನಿಮ್ಮ ಮಾವ ದಡದಲ್ಲಿ ಕೂತು ತೋಳಿನ ಬಟ್ಟೆಯಿಂದ ಒಂದು ದಾರ ಎಳೆದ್ರು. ಬೆರಳಿಗೆ ಸುತ್ಕೊಂಡು ಹೇಳಿದ್ರು, ಹೆಂಡ್ತಿ ಮಗೂನ ಇಂಥ ನೀರು ದಾಟಿಸೋನು ಇನ್ನು ಹುಡುಗ ಅಲ್ಲ. ತಿರುಗಿ ಬರ್ತಿದ್ದ ಹಾಗೇ ದಾರ ಕಟ್ಟಿ ದೊಡ್ಡ ಹೆಸರು ಹಿಡಿದು ಕರೀತೀನಿ, ಬೆಚ್ಚಿ ಬೀಳಬೇಕು ಅವನು ಅಂತ. ಹೆಸರೂ ಹೇಳಿದ್ರು. ಆ ದಾರ ಅವರ ಬೆರಳಲ್ಲೇ ಹೋಯ್ತು. ಹೆಸರು ನನ್ನ ಹತ್ರ ಉಳೀತು. ನಿನಗೆ ಆವತ್ತೇ ಹೆಸರು ಬಂದಾಗಿತ್ತು. ಆಮೇಲೆ ನಾನು ನಿನ್ನ ಹಳೇ ಹೆಸರಲ್ಲಿ ಹೆಂಗೆ ಕರೀಲಿ? ಹೊಸದರಲ್ಲಿ ಕರೆಯೋದಕ್ಕೆ ಅವರಿಲ್ಲ. ಅದಕ್ಕೇ ಮೆಂಗನ ಅಪ್ಪ, ಮೆಂಗನ ಅಪ್ಪ ಅಂತಿದ್ದೆ."

 ಅತ್ತೆ ಫೆಂಗನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮಣಿಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದಳು. ಆಮೇಲೆ, ಆಚೆ ದಡಕ್ಕೆ ಕೇಳಿಸಬೇಕು ಎಂಬ ಹಾಗೆ ಗಟ್ಟಿಯಾಗಿ ಕರೆದಳು.

"ಚೋಂಗ್ ಫೆಂಗ್."

ಮೊದಲ ಸಲ ಅದು ತನ್ನನ್ನೇ ಕರೆದದ್ದು ಎಂದು ಅವನಿಗೆ ಹೊಳೆಯಲಿಲ್ಲ. ಆಕೆ ಮತ್ತೆ ಕರೆದಳು. ಎರಡನೆಯ ಸಲ ಓ ಎಂದ. ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಅದೇ ಹೆಸರು ಹಿಡಿದು ಕರೆದು ದಾರ ಕಟ್ಟಿದರು. ಮೆಂಗ್ ಕುರ್ಚಿ ಎಳೆದು ಅಪ್ಪನನ್ನು ಹಿರಿಯರ ಮೇಜಿನಲ್ಲಿ ಕೂರಿಸಿ, ಬಕೆಟ್ಟು ತಂದು ತಾನೇ ಸಾರು ಬಡಿಸಿದ. ಅಪ್ಪನಿಗೆ ಬಡಿಸಿದ ಮೇಲೆಯೇ ಬೀಗರಿಂದ ತನ್ನ ಹೆಸರು ತೆಗೆದುಕೊಂಡ. ಫೆಂಗ್ ಮಣಿಕಟ್ಟಿನ ದಾರಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಕೂತಿದ್ದ. 

ಊಟದ ನಡುವೆ ಅತ್ತೆ ಅವನ ಕಡೆ ಬಾಗಿದಳು. ಸತ್ತವರ ಜೀವ ಬಿಡುಗಡೆ ಮಾಡಿ ಹಿರಿಯರ ಬಳಿಗೆ ಕಳಿಸುವ ಕರ್ಮ ನಮ್ಮಲ್ಲಿದೆ. ಮಾವನಿಗೆ ಅದನ್ನು ಮಾಡಿರಲಿಲ್ಲ, ಮಾಡಲು ಆಕೆ ಬಿಟ್ಟಿರಲಿಲ್ಲ.

"ಚೋಂಗ್ ಫೆಂಗ್, ಅವರು ಇನ್ನೂ ಆ ದಡದಲ್ಲೇ ಕೂತಿದಾರೆ. ಪಾವ್ ಜೊತೆಗೆ ನಿಂತು ಕರ್ಮ ನೀನು ಮಾಡ್ಸು. ಒಂದು ಸಲ ದಾಟಿಸೋದು ಬಾಕಿ ಇದೆಯಲ್ಲ."

"ಬರ್ತೀನಿ ಅತ್ತೆ. ದಾಟಿಸ್ತೀನಿ" ಎಂದ ಚೋಂಗ್ ಫೆಂಗ್.